ಆಯೇರಿಯ ಸೀರೆ

ಹಳಿಯಾಳ, ಜನವರಿ ೮, ೧೯೬೧. ರವಿವಾರ

ಈ ವಹಿಯನ್ನು ಅಪ್ಪ ತಂದದ್ದು ನಾಟಕದ ಪಾರ್ಟು ಬರೆಯಲಿಕ್ಕೆ. ಇದರ ಹಿಂದಿನ ನಲವತ್ತು ಹಾಳೆ ಇನ್ನು ಮುಂದೆ ನನ್ನವು. ಯಾರನ್ನೂ ಕೇಳಿಲ್ಲ, ಕೇಳುವುದೂ ಇಲ್ಲ. ವಹಿಯ ಮೇಲೆ ಹೆಸರು ಇರಬೇಕಲ್ಲ, ಬರೆಯುತ್ತೇನೆ: ತಾಯವ್ವ, ವಯಸ್ಸು ಇಪ್ಪತ್ತೊಂದು, ಮುಲ್ಕಿ ಪರೀಕ್ಷೆ ಪಾಸು, ಬಾಯಿ ಜೋರು. ಬಾಯಿಯ ಸಂಗತಿ ಮುದಕವ್ವತ್ತೆಯ ಅಭಿಪ್ರಾಯ.

ಅತ್ತೆ ಅಪ್ಪನ ಅಕ್ಕ. ಅವ್ವ ತೀರಿಕೊಂಡ ಮೇಲೆ ಈ ಮನೆಯ ಯಜಮಾನಿಕೆ ಅವಳದು. ನನ್ನನ್ನು ಮುಂಡಗೋಡದ ಕರಿಬಸಪ್ಪನಿಗೆ ಕೊಡುವುದೆಂದು ಮಾತು ಮುಗಿಸಿ ಇವತ್ತು ಬಂದಿದ್ದಾಳೆ. ಬಟ್ಟೆ ಅಂಗಡಿ, ಸ್ವಂತ ಮನೆ, ವಯಸ್ಸು ಮೂವತ್ತೆಂಟು, ಮೊದಲನೆಯ ಹೆಂಡತಿ ಹೋಗಿ ಎರಡು ವರ್ಷ. ಹುಡುಗಿ ಪುಸ್ತಕ ಗಿಸ್ತಕ ಹಿಡಿಯುವವಳಲ್ಲ ತಾನೆ ಎಂದು ಅವನ ಕಡೆಯವರು ಕೇಳಿದರಂತೆ. ಅಕ್ಷರಕ್ಕೂ ಅವಳಿಗೂ ಆಗಿಬರುವುದಿಲ್ಲ ಎಂದು ಅತ್ತೆ ಹೇಳಿದಳಂತೆ. ಪಡಸಾಲೆಯಲ್ಲಿ ಆಕೆ ಇದನ್ನು ಅಪ್ಪನಿಗೆ ವರದಿ ಒಪ್ಪಿಸುವಾಗ ನಾನು ಒಳಗೆ ಕೂತು ರಾಜಕುಮಾರನ ಪಾರ್ಟಿನ ಹದಿನಾಲ್ಕನೇ ಪುಟ ಬರೆಯುತ್ತಿದ್ದೆ.

ನಾಟಕದ ಪುಸ್ತಕ ಪೂರ್ತಿ ಇರುವುದು ಮಾಸ್ತರನ ಹತ್ತಿರ ಮಾತ್ರ. ನಟರಿಗೆ ಸಿಗುವುದು ಅವರವರ ಪಾರ್ಟು: ಅವರ ಮಾತು, ಅದಕ್ಕೆ ಮೊದಲು ಎದುರಿನವರ ಮಾತಿನ ಕೊನೆಯ ಎರಡೋ ಮೂರೋ ಶಬ್ದ. ಎದುರಿನವನು ಪೂರ್ತಿ ಏನು ಹೇಳುತ್ತಾನೆಂಬುದು ತಾಲೀಮಿಗೆ ಬಂದ ಮೇಲೇ ಗೊತ್ತಾಗಬೇಕು. ನಾಟಕ ಕಳುವಾಗದಿರಲೆಂದು ಕಂಪನಿಯವರು ಮಾಡಿದ ಪದ್ಧತಿ. ಅಪ್ಪ, ಅಂದರೆ ಶಿವಲಿಂಗಪ್ಪ ಮಾಸ್ತರ, ಇಪ್ಪತ್ತು ವರ್ಷ ಕಂಪನಿಯಲ್ಲಿ ಸ್ತ್ರೀಪಾರ್ಟು ಮಾಡಿ, ಈಗ ಈ ಕಡೆಯ ಹವ್ಯಾಸಿಗಳಿಗೆ ನಾಟಕ ಕಲಿಸುತ್ತಾನೆ. ಆರು ವರ್ಷದಿಂದ ಅವನ ಕೈ ನಡುಗುತ್ತದೆ. ಪಾರ್ಟು ಬರೆಯುವವಳು ನಾನು. ಮಾಸ್ತರರ ಅಕ್ಷರ ಎಷ್ಟು ದುಂಡು ಎಂದು ಜನ ಹೊಗಳುತ್ತಾರೆ, ಅಪ್ಪ ತಲೆ ಅಲ್ಲಾಡಿಸುತ್ತಾನೆ.

ಈ ಸಲ ದಾಂಡೇಲಿ ಕಾರ್ಖಾನೆಯ ಕೆಲಸಗಾರರ ಸಂಘಕ್ಕೆ ಅಪ್ಪನದೇ ನಾಟಕ, «ವಜ್ರಮಾಲೆಯ ವೇಷ». ಹೆಣ್ಣಿನ ಮುಖ ನೋಡುವುದಿಲ್ಲವೆಂದು ಶಪಥ ಮಾಡಿದ ಒಬ್ಬ ರಾಜಕುಮಾರ. ಅವನನ್ನು ಗೆಲ್ಲಲು ವಜ್ರಮಾಲೆ ಗಂಡುವೇಷ ಹಾಕಿ, ಕುದುರೆ ಸವಾರನಾಗಿ ಅವನ ಸೇವೆಗೆ ಸೇರುತ್ತಾಳೆ. ಅವನು ತನ್ನ ಮನಸ್ಸನ್ನೆಲ್ಲ ಈ ಸವಾರನ ಮುಂದೆಯೇ ತೋಡಿಕೊಳ್ಳುತ್ತಾನೆ. ಒಟ್ಟು ಏಳು ಪಾರ್ಟು ಬರೆದೆ. ಏಳರ ಮೇಲೂ ಗಂಡಸರ ಹೆಸರು.

ಜನವರಿ ೧೫

ತಾಲೀಮಿನಿಂದ ಅಪ್ಪ ಎರಡು ಪಾರ್ಟು ವಾಪಸ್ ತಂದ. ಒಂದು ರಾಜಕುಮಾರನದು. ಅದನ್ನು ಮಾಡುವವನು ಉಳವಪ್ಪ ಎಂಬ ಜೋಯಿಡಾ ಕಡೆಯ ಮನುಷ್ಯ, ಕಾರ್ಖಾನೆಯಲ್ಲಿ ಬಿದಿರಿನ ರಾಶಿ ಅಳೆಯುವ ಕೆಲಸ. ಪುಟದ ಅಂಚಿನಲ್ಲಿ ಪೆನ್ಸಿಲ್ಲಿನಿಂದ ಬರೆದಿದ್ದಾನೆ: «ಮಾಸ್ತರ, ಇಷ್ಟು ಅಳುವ ಗಂಡಸು ಯುದ್ಧಕ್ಕೆ ಹೇಗೆ ಹೋಗುತ್ತಾನೆ?» ಎಂಥ ಸೊಕ್ಕು. ಆ ಅಳುವ ಮಾತು ಅಪ್ಪನದಲ್ಲ, ನಾನು ಸೇರಿಸಿದ್ದು. ಕೆಳಗೆ ನನ್ನ ನೇರಳೆ ಮಸಿಯಲ್ಲಿ ಬರೆದೆ: «ಅತ್ತುಕೊಂಡೇ ಹೋಗುತ್ತಾನೆ. ನೀನು ಬಾಯಿಪಾಠ ಮಾಡು.»

ಇನ್ನೊಂದು ಪೆದ್ರುನದು. ಪೆದ್ರು ಸಿದ್ದಿ ಜನದವನು, ಕಪ್ಪು ಮೈ, ಗುಂಗುರು ಕೂದಲು; ಹಳಿಯಾಳದ ಹತ್ತಿರದ ಹಳ್ಳಿಯವನು, ಚಕ್ಕಡಿಯಲ್ಲಿ ಬಿದಿರು ಹೇರುತ್ತಾನೆ. ದನಿ ಇಡೀ ಮಂಟಪ ತುಂಬುತ್ತದೆ. ಅವನಿಗೆ ರಾಕ್ಷಸನ ಪಾರ್ಟು ಬಂದಿತ್ತು. ಅಪ್ಪನಿಗೆ ಅವನು ಹೇಳಿದನಂತೆ: «ಮಾಸ್ತರ, ನನ್ನ ನೋಡಿದ ಕೂಡ್ಲೇ ಎಲ್ಲಾರಿಗೂ ರಾಕ್ಷಸನ ನೆನಪಾಗತಾನ. ಒಂದ ಸಲ ಮಂತ್ರಿ ಮಾಡ್ರಿ. ನನ್ನ ಹೇಣ್ತಿ ಜುಲಿಯಾನಾ ನೋಡಾಕ ಬರ್ತಾಳ.» ಅಪ್ಪ ಹೂಂ ಅಂದು ಬಂದಿದ್ದಾನೆ, ಹೂಂ ಅನ್ನುವುದು ಅಪ್ಪನ ಅಭ್ಯಾಸ. ನಾನು ರಾಕ್ಷಸನನ್ನು ನಾಟಕದಿಂದಲೇ ತೆಗೆದುಹಾಕಿ ಒಬ್ಬ ಮಂತ್ರಿಯನ್ನು ಬರೆದೆ, ರಾಜನಿಗಿಂತ ಬುದ್ಧಿವಂತ.

ಜನವರಿ ೨೨

ದೊಡ್ಡ ರಾದ್ಧಾಂತ. ವಜ್ರಮಾಲೆ ಮಾಡುವ ಈಶಪ್ಪ ಮೀಸೆ ಬಿಟ್ಟಿದ್ದಾನೆ. ಮಾರ್ಚಿನಲ್ಲಿ ಅವನ ಮದುವೆ, ಬೀಗರು ಮೀಸೆಯಿಲ್ಲದ ಅಳಿಯ ಬೇಡ ಅಂದರಂತೆ. ನಾಟಕಕ್ಕೆ ಮೂರು ವಾರ. ಅಪ್ಪ ಮುಖ ಚಿಕ್ಕದು ಮಾಡಿ ಹಾರ್ಮೋನಿಯಂ ಪೇಟಿಯ ಮುಂದೆ ಕೂತ, ಬಾರಿಸಲಿಲ್ಲ.

ನಾನು ಮಾಡುತ್ತೇನೆ ಅಂದೆ. ಏಳು ಪಾರ್ಟೂ ನನಗೆ ಬಾಯಿಪಾಠ. ಅಪ್ಪ ನಕ್ಕ, ನಾನು ನಗಲಿಲ್ಲ. ಆಮೇಲೆ ಸಿಟ್ಟಾದ. ಮರ್ಯಾದಸ್ತರ ಮನೆಯ ಹೆಣ್ಣು ರಂಗ ಹತ್ತುವುದುಂಟೇ, ಊರು ಏನನ್ನುತ್ತದೆ, ಕರಿಬಸಪ್ಪನ ಮನೆಯವರು ಏನನ್ನುತ್ತಾರೆ, ಎಲ್ಲ ಆಯಿತು. ಹೆಣ್ಣಾಗಿ ಹತ್ತುವುದು ಬೇಡ, ಗಂಡಸಾಗಿ ಹತ್ತುತ್ತೇನೆ ಅಂದೆ. ಗದಗಿನ ನಿನ್ನ ಸೋದರಳಿಯ, ಹೆಸರು ಚನ್ನವೀರ, ಸ್ತ್ರೀಪಾರ್ಟು ಮಾಡುತ್ತಾನೆ ಎಂದು ಹೇಳು. ದಾಂಡೇಲಿಯಲ್ಲಿ ನನ್ನನ್ನು ಯಾರು ನೋಡಿದ್ದಾರೆ? ಅತ್ತೆಯೂ ಮಗಳ ಬಾಣಂತನಕ್ಕೆಂದು ಮಳಗಿಗೆ ಹೊರಟಿದ್ದಾಳೆ.

ಅಪ್ಪ ತಲೆ ಕೊಡವಿದ. ಆಗ ನನಗೂ ತಡೆಯಲಾಗಲಿಲ್ಲ. «ನೀ ಇಪ್ಪತ್ತು ವರ್ಷ ಹೆಣ್ಣಾಗಿದ್ದಿ. ನಾ ಇಪ್ಪತ್ತು ದಿನಾ ಗಂಡಸಾದ್ರ ಏನ ಮುಳಗತೈತಿ?»

ಅಪ್ಪ ಪೇಟಿ ಮುಚ್ಚಿದ. ನಂತರ ಒಂದು ಕರಾರು ಹಾಕಿದ. ಹಿಂದಿನ ಎರಡು ಸಂಬಂಧ ನನ್ನ ಬಾಯಿಯಿಂದ ಮುರಿದವು. ಕರಿಬಸಪ್ಪ ನೋಡಲು ಬಂದಾಗ ನಾನು ಸೀರೆ ಉಟ್ಟು ಬಂದು ಕೂಡಬೇಕು, ತುಟಿ ಬಿಚ್ಚಬಾರದು, ಒಂದೇ ಒಂದು ಮಾತು ಆಡಬಾರದು. ಇಷ್ಟಲಿಂಗ ಮುಟ್ಟಿ ಆಣೆ ಮಾಡಿದೆ. ಒಂದು ನಾಟಕಕ್ಕೆ ಇಡೀ ಜನ್ಮವನ್ನೇ ಕೊಟ್ಟ ಹಾಗಾಯಿತು.

ಜನವರಿ ೨೯

ಧೋತರ, ಅಪ್ಪನ ಹಳೆಯ ಅಂಗಿ, ಮೇಲೊಂದು ಕೋಟು, ತಲೆಗೆ ಕರಿ ಟೊಪ್ಪಿಗೆ. ಕೂದಲನ್ನು ಏನು ಮಾಡುವುದೆಂದು ನನಗೆ ಚಿಂತೆಯಿತ್ತು. ಅಪ್ಪನಿಗಿರಲಿಲ್ಲ. ಸ್ತ್ರೀಪಾರ್ಟು ಮಾಡುವವರು ಕೂದಲು ಬೆಳೆಸುತ್ತಾರೆ, ಗಲ್ಲ ನುಣ್ಣಗಿಟ್ಟುಕೊಳ್ಳುತ್ತಾರೆ, ದನಿ ಸಣ್ಣಗೆ ಮಾಡಿಕೊಳ್ಳುತ್ತಾರೆ. ಅಪ್ಪನೇ ಹಾಗಿದ್ದ. ಸಂಘದ ಕಾರ್ಯದರ್ಶಿ ದುರ್ಗಪ್ಪ ನನ್ನ ಟೊಪ್ಪಿಗೆ ತೆಗೆಸಿ ಕೂದಲ ಅಂಬಡೆ ನೋಡಿ, ಇವನು ಪಕ್ಕಾ ಕಸುಬುದಾರ ಅಂದ. ಅಷ್ಟೂ ಜನರಲ್ಲಿ ಒಬ್ಬನಿಗೂ ಇದು ಹೆಣ್ಣಿರಬಹುದೆಂದು ಹೊಳೆಯಲಿಲ್ಲ. ವಜ್ರಮಾಲೆಯಾಗಿ ನಾಲ್ಕು ಮಾತು ಹೇಳಿದೆ, ಭೇಷ್ ಅಂದರು. ಸವಾರನಾಗಿ ಹೇಳಿದಾಗ ಉಳವಪ್ಪ, ಗಂಡಸುತನ ಸ್ವಲ್ಪ ಕಡಿಮೆಯಾಯಿತು, ಎದೆ ಮುಂದೆ ಮಾಡಿ ನಿಲ್ಲು ಎಂದು ಉಪದೇಶ ಮಾಡಿದ. ಅವನ ಅಂಗಿಯ ಎರಡನೇ ಗುಂಡಿ ಕಿತ್ತುಹೋಗಿದೆ. ಅದನ್ನು ಮೊದಲು ಹೊಲಿಸಿಕೊಳ್ಳಲಿ.

ಪೆದ್ರು ಒಬ್ಬನೇ ನನ್ನನ್ನು ಎರಡು ಸಲ ನೋಡಿದ. ವಾಪಸ್ ಬಸ್ಸಿಗೆ ನಿಂತಾಗ ಪಕ್ಕ ಬಂದು, ಯಾರಿಗೂ ಕೇಳದ ಹಾಗೆ, «ಮಂತ್ರಿ ಬರದವರು ನೀವ ಅಲ್ಲೇನ್ರಿ?» ಅಂದ. ನಾನು ಟೊಪ್ಪಿಗೆ ಕೆಳಗೆಳೆದುಕೊಂಡೆ. ವೇಷ ಕಟ್ಟುವಾಗ ಪರದೆಯ ಹಿಂದೆ ಜುಲಿಯಾನಾ ಇರುತ್ತಾಳೆ, ಬೇರೆ ಯಾರೂ ಬರದಂತೆ ನೋಡಿಕೊಳ್ಳುತ್ತಾಳೆ ಎಂದು ಹೇಳಿ ಹೋದ. ಅವನಿಗೆ ಇನ್ನೂ ಎರಡು ಪುಟ ಮಾತು ಬರೆದುಕೊಡುತ್ತೇನೆ.

ಫೆಬ್ರವರಿ ೫

ತಾಲೀಮಿನ ನಡುವೆ ಉಳವಪ್ಪ ನನಗೆ ಚಹಾ ಕೊಡಿಸಿದ. ಮಾಸ್ತರರ ಮೇಲೆ ದೂರು ಹೇಳುವುದಿತ್ತಂತೆ. ಪಾರ್ಟಿನ ಅಂಚಿನಲ್ಲಿ ತಾನೊಂದು ಬರೆದರೆ ಮುದುಕ ಹತ್ತು ಬರೆಯುತ್ತಾನೆ, ನಾಲಗೆಗೆ ಸುಣ್ಣ ಹಚ್ಚಿಕೊಂಡಿದ್ದಾನೆ ಎಂದ. ಬಿಟ್ಟುಬಿಡಿ, ಯಾಕೆ ಬರೆಯುತ್ತೀರಿ ಅಂದೆ.

«ಬಿಡಾಕ ಆಗವಲ್ದು. ಆ ಮುದುಕನ ಕೂಡ ಜಗಳ ಆಡಿದ ದಿವಸ ನನಗ ಊಟ ರುಚಿ ಹತ್ತತೈತಿ.»

ಚಹಾ ನೆತ್ತಿಗೇರಿ ಕೆಮ್ಮಿದೆ. ಬೆನ್ನು ತಟ್ಟಲು ಬಂದ, ದೂರ ಸರಿದೆ. ಆಗ ನನ್ನ ಬಲಗೈ ಬೆರಳುಗಳನ್ನು ನೋಡಿದ. ಬೆಳಿಗ್ಗೆ ಪೆದ್ರುನ ಮಾತು ಬರೆದ ನೇರಳೆ ಮಸಿ ಹೋಗಿರಲಿಲ್ಲ. ಕೈಯನ್ನು ಕೋಟಿನ ಜೇಬಿಗೆ ಹಾಕಿದೆ. ಅವನು ಆಚೆ ಚಹಾ ಬಶಿಯನ್ನು ಎರಡೂ ಕೈಯಿಂದ ಹಿಡಿದು ನಡುಗಿಸುತ್ತ ಕುಡಿಯುತ್ತಿದ್ದ ಅಪ್ಪನನ್ನು ನೋಡಿದ, ಮತ್ತೆ ನನ್ನನ್ನು ನೋಡಿದ. ಮುಂದಿನ ದೃಶ್ಯದಲ್ಲಿ ಮೂರು ಮಾತು ನುಂಗಿದ.

ಫೆಬ್ರವರಿ ೮

ತಾಲೀಮು. ಉಳವಪ್ಪ ಇವತ್ತು ನನ್ನ ಕಣ್ಣು ತಪ್ಪಿಸುತ್ತಿದ್ದ. ಚಹಾಕ್ಕೂ ಕರೆಯಲಿಲ್ಲ. ಗುಂಡಿ ಇನ್ನೂ ಹೊಲಿಸಿಲ್ಲ. ನನಗೇನು.

ಫೆಬ್ರವರಿ ೧೩

ನಿನ್ನೆ ನಾಟಕವಾಯಿತು. ಮೂರನೇ ಪಾಳಿಯವರು ಕೆಲಸಕ್ಕೆ ಹೋಗಬೇಕೆಂದು ಸಂಜೆ ಆರಕ್ಕೇ ಸುರು ಮಾಡಿದರು. ಎಷ್ಟು ಜನ ಇದ್ದರೆಂದು ಹೇಳಲಾರೆ, ದೀಪದ ಆಚೆ ಬರೀ ತಲೆ. ಮೊದಲ ಮಾತಿಗೆ ಬಾಯಿ ಒಣಗಿತ್ತು. ಎರಡನೆಯದಕ್ಕೆ ಇರಲಿಲ್ಲ. ಆಮೇಲೆ ನನಗೆ ಹೆದರಿಕೆ ಎಂಬುದೇ ನೆನಪಾಗಲಿಲ್ಲ. ಆರು ವರ್ಷ ಬೇರೆಯವರ ಬಾಯಿಗೆ ಕೊಟ್ಟ ಮಾತು ನಿನ್ನೆ ನನ್ನ ಬಾಯಿಯಲ್ಲೇ ಇತ್ತು. ಇಷ್ಟು ಸಂತೋಷವನ್ನು ನಾನು ಈವರೆಗೆ ಕಂಡಿಲ್ಲ. ಬರೆದಿಡುತ್ತೇನೆ, ಮುಂದೆ ಮುಂಡಗೋಡದಲ್ಲಿ ಓದಿಕೊಳ್ಳಲು ಬೇಕಾಗುತ್ತದೆ.

ಎರಡನೇ ಅಂಕ ಮುಗಿಯುವ ಹೊತ್ತಿಗೆ ದುರ್ಗಪ್ಪ ನಾಟಕ ನಿಲ್ಲಿಸಿದ. ಆಯೇರಿ ಬಂದಿತ್ತು. ಪಾರ್ಟು ಮೆಚ್ಚಿದವರು ನಡುವೆಯೇ ರಂಗದ ಮೇಲೆ ಬಂದು ಉಡುಗೊರೆ ಕೊಡುತ್ತಾರೆ, ಕೊಟ್ಟವರ ಹೆಸರನ್ನು ಮೈಕಿನಲ್ಲಿ ಕೂಗಬೇಕು. ದುರ್ಗಪ್ಪ ಕೂಗಿದ: ಮುಂಡಗೋಡದ ಬಟ್ಟೆ ವ್ಯಾಪಾರಿ ಶ್ರೀ ಕರಿಬಸಪ್ಪನವರು ವಜ್ರಮಾಲೆ ಪಾತ್ರಧಾರಿ ಗದಗಿನ ಶ್ರೀ ಚನ್ನವೀರ ಅವರಿಗೆ.

ಮಾವನಾಗುವ ಮಾಸ್ತರರ ನಾಟಕ ಎಂದು ನೋಡಲು ಬಂದಿದ್ದಾನೆ. ಸೆರಗು ಸರಿಮಾಡಿಕೊಂಡೆ. ಎತ್ತರದ ಆಳು, ಕೋಟು, ಬೆಳ್ಳಿ ಕಟ್ಟಿನ ಕೋಲು. ಹಸಿರು ಒಡಲಿನ, ಕೆಂಪು ದಡಿಯ ಇಳಕಲ್ಲ ಸೀರೆಯನ್ನು ಬಿಚ್ಚಿ ಜನರಿಗೆ ತೋರಿಸಿ, ನನ್ನ ಉಡಿಯಲ್ಲಿ ಹಾಕಿದ. ಮೈಕು ತಾನೇ ಹಿಡಿದುಕೊಂಡ.

«ನನ್ನ ಅಂಗಡ್ಯಾಗ ಇಂಥಾ ಸೀರಿ ಇದ ಒಂದ ಇತ್ತು. ಮೊನ್ನೆ ನೇಕಾರ ತಂದು ಕೊಟ್ಟದ್ದು. ಇಂಥಾ ಹೆಣ್ತನ ನಿಜವಾದ ಹೆಣ್ಣಿಗೂ ಇರೂದಿಲ್ಲ. ಇದು ಗಂಡಸಿಗೆ ಮಾತ್ರ ಸಾಧ್ಯ.»

ಜನ ಚಪ್ಪಾಳೆ ಹೊಡೆದರು. ನಾನು ಅಪ್ಪ ಕಲಿಸಿದ ಹಾಗೆ ಬಲಗೈಯಿಂದ ನೆಲ ಮುಟ್ಟಿ, ಹಣೆಗೆ ಒತ್ತಿಕೊಂಡು, ಮೂರು ಹೆಜ್ಜೆ ಹಿಂದೆ ಸರಿದೆ. ಪರದೆಯ ಹಿಂದೆ ಜುಲಿಯಾನಾ ಸೆರಗು ಬಾಯಿಗೆ ತುರುಕಿಕೊಂಡು ನಗುತ್ತಿದ್ದಳು. ನನಗೆ ನಗು ಬರಲಿಲ್ಲ. ಎಲ್ಲ ಮುಗಿದ ಮೇಲೆ ಉಳವಪ್ಪ ನನ್ನ ಹತ್ತಿರದವರೆಗೆ ಬಂದ, ತಿರುಗಿ ಹೊರಟುಹೋದ.

ಫೆಬ್ರವರಿ ೧೬

ಅತ್ತೆ ಮಳಗಿಯಿಂದ ಬಂದಳು. ೨೬ನೇ ತಾರೀಖಿಗೆ ಕರಿಬಸಪ್ಪ ಮತ್ತು ಅವನ ತಾಯಿ ನನ್ನನ್ನು ನೋಡಲು ಬರುತ್ತಾರಂತೆ. ಆಣೆ ನೆನಪಿದೆಯಾ ಎಂದು ಅಪ್ಪ ಕೇಳಿದ. ಇದೆ ಅಂದೆ.

ಫೆಬ್ರವರಿ ೨೦

ನಾಟಕ ಮುಗಿದ ಮೇಲೆ ಎಲ್ಲರೂ ಪಾರ್ಟು ಮಾಸ್ತರರಿಗೆ ಮರಳಿಸಬೇಕು. ನನ್ನದು ಬಿಟ್ಟು ಐದು ಬಂದಿವೆ. ರಾಜಕುಮಾರನದು ಬಂದಿಲ್ಲ. ಪದ್ಧತಿ ಎಂದರೆ ಪದ್ಧತಿ, ಅದಕ್ಕಾಗಿ ಕೇಳುತ್ತಿದ್ದೇನೆ ಎಂದು ಅಪ್ಪನಿಗೆ ನಾಲ್ಕು ಸಲ ಹೇಳಿದೆ. ಮೂರು ಹೊತ್ತೂ ಅದೇ ಮಾತೇ ಎಂದು ಅಪ್ಪ ಗದರಿದ. ಅನ್ನ ಬೇಡವಾಗಿ ಎದ್ದೆ. ಬಿಸಿಲು ಹೆಚ್ಚು.

ಫೆಬ್ರವರಿ ೨೬

ಇವತ್ತಿನದನ್ನು ಒಂದೂ ಬಿಡದೆ ಬರೆಯುತ್ತೇನೆ.

ಬೆಳಿಗ್ಗೆ ಅತ್ತೆ ತನ್ನ ಅರಿಷಿಣ ಬಣ್ಣದ ಸೀರೆ ತೆಗೆದಿಟ್ಟಿದ್ದಳು. ನಾನು ಟ್ರಂಕು ತೆಗೆದು ಹಸಿರು ಒಡಲಿನ, ಕೆಂಪು ದಡಿಯದನ್ನು ಉಟ್ಟೆ. ಇದು ಎಲ್ಲಿಂದ ಬಂತು ಎಂದು ಅತ್ತೆ ಕೇಳಿದಳು. ತುಟಿಯ ಮೇಲೆ ಬೆರಳಿಟ್ಟು ತೋರಿಸಿದೆ. ಆಣೆ ಆಣೆಯೇ. ಅಪ್ಪ ಬಾಗಿಲಲ್ಲಿ ನಿಂತಿದ್ದ. ಸೀರೆಯನ್ನು ನೋಡಿದ. ಬಿಚ್ಚು ಅನ್ನುತ್ತಾನೆಂದು ಕಾದೆ. ಅನ್ನಲಿಲ್ಲ. ಹೆಗಲ ಮೇಲಿನ ವಲ್ಲಿ ಸರಿಮಾಡಿಕೊಂಡು ಪಡಸಾಲೆಗೆ ಹೋದ.

ಅವರು ಬಂದು ಕೂತರು. ಒಳಗಿನಿಂದ ಕೇಳುತ್ತಿತ್ತು. ಕರಿಬಸಪ್ಪ ನನ್ನ ಬಗ್ಗೆ ಒಂದು ಮಾತೂ ಕೇಳಲಿಲ್ಲ. ಚನ್ನವೀರ ಎಲ್ಲಿ, ಗದಗಿಗೆ ಹೋದನೇ, ಮುಂಡಗೋಡದಲ್ಲಿ ಅವನದೊಂದು ನಾಟಕ ಮಾಡಿಸಬೇಕು ಎಂದು ಅದನ್ನೇ ಹೇಳುತ್ತಿದ್ದ. «ಮಾಸ್ತರ, ಅವನಂಗ ನಡದು ಬರೂ ಹೆಣ್ಣ ನಾ ಇನ್ನೂ ನೋಡಿಲ್ಲ. ನಿಮ್ಮ ಮಗಳಿಗೂ ಸ್ವಲ್ಪ ಅವನ ಕಡೆ ಕಲಿಸಿದ್ರ ಚಲೋ ಆಗತಿತ್ತು.»

ನಾನು ಚುರುಮುರಿ ಸೂಸಲದ ತಾಟು ಹಿಡಿದು ಹೊರಗೆ ಬಂದೆ. ತಲೆ ತಗ್ಗಿಸಿಕೊಂಡು ಬರಬೇಕಿತ್ತು. ವಜ್ರಮಾಲೆಯಾಗಿ ಬಂದೆ. ಅದೇ ಹೆಜ್ಜೆ, ಅದೇ ನಿಲುವು. ಅವನ ಕಣ್ಣು ಮೊದಲು ಬಿದ್ದದ್ದು ದಡಿಯ ಮೇಲೆ. ವ್ಯಾಪಾರಿ ಅಲ್ಲವೇ. ದಡಿಯಿಂದ ಸೆರಗಿಗೆ ಬಂತು, ಸೆರಗಿನಿಂದ ಮುಖಕ್ಕೆ ಬಂದು ಅಲ್ಲೇ ನಿಂತಿತು.

«ಈ ಸೀರಿ ನಿಮಗ ಯಾರ ಕೊಟ್ರು?»

ನಾನು ಆಣೆ ಮಾಡಿದವಳು. ತಾಟು ಕೆಳಗಿಟ್ಟು, ಬಲಗೈಯಿಂದ ನೆಲ ಮುಟ್ಟಿ, ಹಣೆಗೆ ಒತ್ತಿಕೊಂಡು, ಮೂರು ಹೆಜ್ಜೆ ಹಿಂದೆ ಸರಿದೆ.

«ಚನ್ನವೀರ,» ಅಂದ. ಅವನ ತಾಯಿ ಅತ್ತಿತ್ತ ನೋಡಿ, ಯಾರೋ ಅವ, ಹುಡುಗಿ ಹೆಸರು ತಾಯವ್ವ ಅಂದಿದ್ರಲ್ಲ ಎಂದಳು. ಅವನು ಎದ್ದು ನಿಂತ. ಸಾವಿರ ಜನರೆದುರು ತನ್ನ ಹೆಸರು ಕೂಗಿಸಿ ಮೋಸ ಮಾಡಿದಿರಿ, ರಂಗ ಹತ್ತಿದ ಹೆಣ್ಣು ತನ್ನ ಮನೆಗೆ ಬೇಡ, ಸೀರೆ ವಾಪಸ್ ಕೊಡಿ ಎಂದು ಕೋಲು ಕುಟ್ಟಿದ. ಅತ್ತೆ ಅಳಲು ಸುರು ಮಾಡಿದಳು.

ಅಪ್ಪ ಕೂತಲ್ಲಿಂದ ಏಳಲಿಲ್ಲ. ನಡುಗುವ ಕೈಯನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡು ಹೇಳಿದ: «ಆಯೇರಿ ಕೊಟ್ಟದ್ದ ವಾಪಸ್ ಕೇಳೂ ಪದ್ಧತಿ ಇಲ್ಲರಿ, ಕರಿಬಸಪ್ಪನವರ. ನಾ ಇಪ್ಪತ್ತು ವರ್ಷ ಸ್ತ್ರೀಪಾರ್ಟ ಮಾಡೇನಿ. ಇಕಿ ನನಕಿಂತ ಚಲೋ ಮಾಡಿದಳು.»

ಅವರು ಹೋದ ಮೇಲೆ ನಾನು ಅಡಿಗೆಮನೆಯಲ್ಲಿ ಕೂತು ಅತ್ತುಬಿಟ್ಟೆ. ಸಂಬಂಧ ಮುರಿದದ್ದಕ್ಕಲ್ಲ. ಅಪ್ಪನ ಆ ಕೊನೆಯ ಮಾತಿಗೆ.

ಮಾರ್ಚ್ ೧

ಊರಿಗೆಲ್ಲ ಗೊತ್ತಾಗಿದೆ. ಬಾವಿಯ ಹತ್ತಿರ ಹೆಂಗಸರು ಸುಮ್ಮನಾಗುತ್ತಾರೆ. ಸುಮ್ಮನಾಗಲಿ, ನನಗೆ ಬೇಗ ನೀರು ಸಿಗುತ್ತದೆ. ಅತ್ತೆ ಮಳಗಿಗೆ ಹೋಗಿದ್ದಾಳೆ, ಇನ್ನು ಈ ಮನೆಗೆ ಕಾಲಿಡುವುದಿಲ್ಲವಂತೆ. ದಾಂಡೇಲಿಗೂ ಸುದ್ದಿ ಮುಟ್ಟಿರಬೇಕು. ಹೆಣ್ಣಿನ ಎದುರು ನಿಂತು ಪಾರ್ಟು ಮಾಡಿದೆನೇ ಎಂದು ಆ ಉಳವಪ್ಪ ನಾಚಿಕೆಯಿಂದ ಸತ್ತಿರುತ್ತಾನೆ. ಸಾಯಲಿ. ನನ್ನ ಪಾರ್ಟು ವಾಪಸ್ ಕಳಿಸಿ ಸಾಯಲಿ.

ಮಾರ್ಚ್ ೫, ರವಿವಾರ

ಮಧ್ಯಾಹ್ನ ದುರ್ಗಪ್ಪ, ಪೆದ್ರು, ಉಳವಪ್ಪ ಮೂವರೂ ಬಂದರು. ಕರಿಬಸಪ್ಪ ತಾನು ನೋಡಬೇಕಾದ ಹೆಣ್ಣಿಗೆ, ಗಂಡಸೆಂದು ತಿಳಿದು, ತಾನೇ ಸೀರೆ ಕೊಟ್ಟ ಕಥೆ ಮುಂಡಗೋಡದ ಪೇಟೆಯಲ್ಲೆಲ್ಲ ಹಬ್ಬಿದೆಯಂತೆ. ಅಲ್ಲಿಯ ತರುಣ ಸಂಘದವರು ನಾಟಕ ಅಲ್ಲೂ ಆಗಬೇಕು, ವಜ್ರಮಾಲೆ ಅವಳೇ ಆಗಬೇಕು ಎಂದು ಬರೆದಿದ್ದಾರೆ. ಹೆಣ್ಣಿನ ಜೊತೆ ರಂಗ ಹತ್ತಲು ನಮ್ಮವರಲ್ಲಿ ಇಬ್ಬರು ಒಪ್ಪಲಿಲ್ಲ. ಪೆದ್ರು, ನನ್ನ ಮಂತ್ರಿ ಮಾಡಿದಾಕಿ ಇಲ್ಲದ ನಾ ಬರೂದಿಲ್ಲ ಅಂದನಂತೆ. ಇನ್ನೊಬ್ಬನೂ ಹಾಗೆಯೇ ಹೇಳಿದನೆಂದು ದುರ್ಗಪ್ಪ ಉಳವಪ್ಪನ ಕಡೆ ನೋಡಿದ. ಅವನು ನೆಲ ನೋಡುತ್ತಿದ್ದ. ಅಂಗಿಗೆ ಆ ಗುಂಡಿ ಇನ್ನೂ ಇರಲಿಲ್ಲ.

ರಾಜಕುಮಾರನ ಪಾರ್ಟನ್ನು ನನ್ನ ಮುಂದಿಟ್ಟ. ಕೊನೆಯ ಪುಟದ ಅಂಚಿನಲ್ಲಿ ಪೆನ್ಸಿಲ್ಲು: «ಮಾಸ್ತರರಿಗಲ್ಲ, ಬರೆದವರಿಗೆ. ಬೆರಳಿನ ಮಸಿ ನೋಡಿದ ದಿನವೇ ನನ್ನ ಸಂಗಡ ಜಗಳಾಡುವವನು ಚನ್ನವೀರನೆಂದು ತಿಳಿಯಿತು. ಒಬ್ಬ ಗಂಡಸಿನ ಮೇಲೆ ನನಗೆ ಯಾಕೆ ಇಷ್ಟು ಮನಸ್ಸು ಎಂದು ಹೆದರಿ, ಇದು ಬಿಟ್ಟುಹೋಗಲಿ ಎಂದು ಉಳವಿಯ ದೇವರಿಗೆ ಹರಕೆ ಹೊತ್ತೆ. ಬಿಟ್ಟುಹೋಗಲಿಲ್ಲ. ಈಗ ಹರಕೆ ತೀರಿಸಬೇಕೋ ಬೇಡವೋ ನೀವೇ ಹೇಳಿ.»

ಒಳಗೆ ಹೋಗಿ ಮೂರು ಸಲ ಓದಿದೆ. ಮೊದಲ ಎರಡು ಸಲ ಅಕ್ಷರ ನಿಲ್ಲಲಿಲ್ಲ. ನಂತರ ಮಸಿ ತೆಗೆದು ಕೆಳಗೆ ಬರೆದೆ: «ತೀರಿಸಲೇಬೇಕು. ನಾನೂ ಬರುತ್ತೇನೆ, ಮುಂಡಗೋಡದ ನಾಟಕ ಆದ ಮೇಲೆ. ಅಷ್ಟರಲ್ಲಿ ಮೂರನೇ ಅಂಕದ ಮಾತು ನುಂಗದೆ ಹೇಳುವುದನ್ನು ಕಲಿಯಿರಿ.» ಪುಟದ ನಡುವೆ ಒಂದು ಗುಂಡಿ, ಸೂಜಿ, ದಾರ ಇಟ್ಟು ಅವನಿಗೇ ಮರಳಿ ಕೊಟ್ಟೆ. ತಾನೇ ಹೊಲಿದುಕೊಳ್ಳಲಿ.

ಅವರು ಹೊರಟ ಮೇಲೆ ಅಪ್ಪ ವಜ್ರಮಾಲೆಯ ಪಾರ್ಟು ಕೇಳಿದ. ಅದರ ಮೇಲೆ ಈಶಪ್ಪನ ಹೆಸರು ಹೊಡೆದು ಚನ್ನವೀರ ಎಂದು ನಾನೇ ಬರೆದಿದ್ದೆ. ಅಪ್ಪ ಅದನ್ನೂ ಹೊಡೆದುಹಾಕಿದ. ಲೇಖನಿ ಹಿಡಿದು, ಆರು ವರ್ಷದ ಮೇಲೆ ಮೊದಲ ಸಲ, ತಾನೇ ಬರೆದ. ಬಹಳ ಹೊತ್ತು ಹಿಡಿಯಿತು. ಅಕ್ಷರಗಳು ಅತ್ತ ಒಂದು ಇತ್ತ ಒಂದು ಬಿದ್ದವು. ತಾಯವ್ವ ಶಿವಲಿಂಗಪ್ಪ, ಹಳಿಯಾಳ. ಕರಪತ್ರದಲ್ಲೂ ಹೀಗೇ ಹಾಕಿಸುತ್ತಾರೆ.

ಹಸಿರು ಸೀರೆ ಒಗೆದು ಹಾಕಿದ್ದೇನೆ. ಮುಂಡಗೋಡದಲ್ಲಿ ಎರಡನೇ ಅಂಕಕ್ಕೆ ಅದನ್ನೇ ಉಡುತ್ತೇನೆ. ಮುಂದಿನ ಸಾಲಿನ ನಡುವೆ ಕರಿಬಸಪ್ಪನವರಿಗೊಂದು ಖುರ್ಚಿ ಇಡಿಸಬೇಕೆಂದು ಪೆದ್ರುನಿಗೆ ಹೇಳಿ ಕಳಿಸಿದ್ದೇನೆ.